ಜಾಗ ಹೇಳಬಾರದ ಚಿತ್ರ

ಏಪ್ರಿಲ್ ೧೪

ಗಾರ್ಡು,

ಫೋನು ಮಾಡಿದರೆ ನೀನು ಮಾತು ತಿರುಗಿಸುತ್ತೀಯ. ಎರಡು ನಿಮಿಷಕ್ಕೆಲ್ಲ ಅಮ್ಮನ ಮಂಡಿನೋವಿಗೆ ಬರುತ್ತೀಯ, ಅಲ್ಲಿಂದ ಅಡುಗೆಮನೆಯ ಸೋರುವ ನಲ್ಲಿಗೆ ಹೋಗುತ್ತೀಯ, ಕೊನೆಗೆ ನಾನೂ ನಕ್ಕುಬಿಡುತ್ತೇನೆ. ಈ ಸಲ ನಗುವ ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬರವಣಿಗೆಯಲ್ಲೇ ಉತ್ತರ ಕೊಡು. ನಡುವೆ ಫೋನು ಮಾಡಿದರೆ ಎತ್ತುವುದಿಲ್ಲ.

ನಿನ್ನೆ ಸೇತುವೆಯ ಹತ್ತಿರ ಹೋಗಿದ್ದೆ. ಗುಡ್ಡ ಸೀಳಿ ಹಳಿ ಹಾಕಿದ್ದಾರಲ್ಲ, ಆ ತಿರುವಿಗೆ. ಅಲ್ಲಿ ಹಳಿಯ ಮೇಲ್ಗಡೆ ಒಂದು ಬಂಡೆ ಚಾಚಿಕೊಂಡಿದೆ, ಚಾಚಿನ ಮುಂದೆ ಮುಳ್ಳುಪೊದೆ, ಪೊದೆಯ ಹಿಂದೆ ಕೊಂಬಿನ ಗೂಬೆಯ ಗೂಡು. ಹೋದ ವರ್ಷ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸಿದವಳು ನಾನೇ. ಅದಕ್ಕೆ ಮೊದಲು ಯಾರಿಗೂ ತೋರಿಸಿರಲಿಲ್ಲ. ಆ ಜೋಡಿ ಅಲ್ಲಿ ಮರಿ ಮಾಡುವುದನ್ನು ನಾನು ಆರು ವರ್ಷದಿಂದ ನೋಡುತ್ತಿದ್ದೇನೆ. ಕೆಳಗೆ ಗಾಡಿ ಗುಡುಗಿಕೊಂಡು ಹೋದರೂ ತಾಯಿಗೂಬೆ ಕಣ್ಣು ಬಿಡುತ್ತಿರಲಿಲ್ಲ. ಬಿಸಿಲಿಗೆ, ಕಾಗೆಗೆ, ನಮ್ಮಂಥವರ ಕಣ್ಣಿಗೆ, ಎಲ್ಲಕ್ಕೂ ಪೊದೆ ಅಡ್ಡ ಇತ್ತು.

ಪೊದೆ ಈಗ ಇಲ್ಲ. ಬುಡಕ್ಕೆ ಗರಗಸ ಹಾಕಿದ್ದಾರೆ. ಕೊಯ್ದ ಜಾಗ ಇನ್ನೂ ಬೆಳ್ಳಗಿದೆ. ಚಾಚು ಬೋಳಾಗಿ, ಯಾರೋ ಗುಡಿಸಿಟ್ಟ ಕಪಾಟಿನ ಹಾಗೆ ಕಾಣುತ್ತಿತ್ತು. ಎದುರಿನ ದಿಬ್ಬದಲ್ಲಿ ಟ್ರೈಪಾಡಿನ ಕಾಲು ಊರಿದ ಗುಳಿಗಳು, ನೀರಿನ ಬಾಟಲಿ, ಬಿಸ್ಕತ್ತಿನ ಕಾಗದ. ಒಂದು ಮರಿ ಹಳಿಯ ಪಕ್ಕದ ಚರಂಡಿಯಲ್ಲಿ ಸತ್ತು ಬಿದ್ದಿತ್ತು. ಇನ್ನೊಂದು ಸಿಗಲಿಲ್ಲ. ತಾಯಿ ನದಿಯಾಚೆಯ ಒಣಮರದ ಮೇಲೆ ಹಾಡುಹಗಲೇ ಕೂತಿತ್ತು. ಕಾಗೆಗಳು ಸುತ್ತ ಮುತ್ತಿ ಕುಕ್ಕುತ್ತಿದ್ದವು, ಅದು ಹಾರಿಹೋಗದೆ ಗುಡ್ಡದ ಕಡೆಗೇ ನೋಡುತ್ತಿತ್ತು. ನಾನು ದಡದಲ್ಲಿ ನಿಂತು ಕಲ್ಲು ಬೀರಿದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ವಿದ್ಯಾರ್ಥಿಗಳಿಗೆ 'ನೋಡಿ, ಬರೆದುಕೊಳ್ಳಿ, ಕೈ ಹಾಕಬೇಡಿ' ಅನ್ನುವವಳು, ಹುಚ್ಚಿಯ ಹಾಗೆ ಕೂಗಿಕೊಂಡು ಕಾಗೆಗೆ ಕಲ್ಲೆಸೆಯುತ್ತಿದ್ದೆ. ಒಂದೂ ನದಿ ದಾಟಲಿಲ್ಲ.

ವಾಪಸು ಬರುವಾಗ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ನಿಮ್ಮ ರೈಲು ಬಳಗದ ಪತ್ರಿಕೆ ತೂಗುಹಾಕಿದ್ದರು. ಮುಖಪುಟದಲ್ಲಿ ನಿನ್ನ ಚಿತ್ರ. ಮುಂದೆ ಗೂಬೆ, ಅದರ ಎದೆಗೆ ಒರಗಿದ ಎರಡು ಮರಿ. ಹಿಂದೆ, ಕೆಳಗಡೆ, ಸೇತುವೆ ದಾಟಿ ತಿರುಗುತ್ತಿರುವ ಗೂಡ್ಸ್ ಗಾಡಿ, ಎಂಜಿನ್ನಿನ ದೀಪ ಹೊತ್ತಿದೆ. ಒಳಗಿನ ಪುಟದಲ್ಲಿ ಅಡಿಬರಹ. ಎಂಜಿನ್ನಿನ ನಂಬರು, ಗಾಡಿ ಯಾವುದು, ಎಲ್ಲಿಂದ ಎಲ್ಲಿಗೆ, ಮತ್ತು 'ಕಿಲೋಮೀಟರ್ ೧೧೨/೪, ಎಡದಂಡೆ'.

ಪೊದೆ ಇದ್ದಿದ್ದರೆ ಆ ಚಿತ್ರ ಸಿಗುತ್ತಿರಲಿಲ್ಲ. ನನಗೆ ಗೊತ್ತು, ಯಾಕೆಂದರೆ ಅದು ಸಿಗದೆ ಪ್ರತಿ ವರ್ಷವೂ ವಾಪಸು ಬಂದವಳು ನಾನು. ನೀನು ಕಡಿದೆ. ಕಡಿದದ್ದು ಸಾಲದು ಅಂತ ವಿಳಾಸ ಬರೆದು ಊರನ್ನೇ ಕರೆದೆ.

ಇದಕ್ಕೆ ಏನು ಹೇಳುತ್ತೀಯೋ ಹೇಳು. ಅಮ್ಮನಿಗೆ ಇನ್ನೂ ತಿಳಿಸಿಲ್ಲ.

ಅಕ್ಕ


ಏಪ್ರಿಲ್ ೨೦

ಅಕ್ಕ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದೆ. ಒಂದು ಹಳೆಯ ಕಚೇರಿಯ ಲಿಫ್ಟು ನಡುಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಅದರ ನೆತ್ತಿಯ ಮೇಲೆ ಕೂತು, ತಲೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ಓದಿದೆ. ಮೆಟ್ಟಿಲು ಹತ್ತಲಾರದೆ ಕೆಳಗೆ ಯಾರೋ ನನ್ನನ್ನು ಬೈಯುತ್ತಿದ್ದರು, ಕಾಗದದಲ್ಲಿ ನೀನು ಬೈಯುತ್ತಿದ್ದೆ. ನಡುವೆ ನಾನು, ಕೈತುಂಬ ಗ್ರೀಸು. ಉತ್ತರವನ್ನೂ ಅಲ್ಲೇ ಶುರು ಮಾಡಿದೆ, ಈ ಹಾಳೆಯ ಮೇಲಿನ ಕಪ್ಪು ಕಲೆ ಅದೇ. ಕಣ್ಣೀರು ಅಂದುಕೊಂಡೀಯ.

ಮರಿ ಸತ್ತದ್ದಕ್ಕೆ ನನಗೂ ಸಂಕಟ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದೆ ಹೇಳಲಿಕ್ಕೆ ನೀನು ಜಾಗ ಬಿಡುವುದಿಲ್ಲ.

ಈಗ ಕೇಳು. ನಾನು ಪೊದೆ ಕಡಿದಿಲ್ಲ. ಒಂದು ಎಲೆಯನ್ನೂ ಮುಟ್ಟಿಲ್ಲ. ಚಿತ್ರ ನೋಡಿದೆ ಅನ್ನುತ್ತೀಯಲ್ಲ, ಸರಿಯಾಗಿ ನೋಡಿದೆಯಾ? ಎಡಗಡೆಯ ಕಾಲು ಭಾಗ ಪೂರ್ತಿ ಪೊದೆಯೇ. ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುವುದನ್ನು ಏನು ಎಂಜಿನ್ನಿನ ಹೊಗೆ ಅಂದುಕೊಂಡೆಯಾ? ಎಲೆ, ಅಕ್ಕ. ಬಲಗಡೆ ಅಂಗೈ ಅಗಲದ ಸಂದಿ ಇತ್ತು. ನೀನು ಯಾವಾಗಲೂ ನಿಲ್ಲುವ ದಿಬ್ಬದಿಂದ ಅದು ಕಾಣುವುದಿಲ್ಲ. ನಾನು ಇನ್ನೂ ಬಹಳ ಹಿಂದೆ, ಹಳೆಯ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದೆ. ನಾವು ರೈಲಿನವರು ದೂರ ನಿಲ್ಲುವವರು, ಗಾಡಿ ಪೂರ್ತಿ ಫ್ರೇಮಿಗೆ ಬರಬೇಕಲ್ಲ. ನೀವು ಹಕ್ಕಿಯವರು ಹತ್ತಿರ ಹೋಗಬೇಕು, ಇನ್ನೂ ಹತ್ತಿರ ಹೋಗಬೇಕು ಅಂತಲೇ ಒದ್ದಾಡುತ್ತೀರಿ. ನಿನಗೆ ಅದು ಸಿಗದೆ ಇದ್ದದ್ದಕ್ಕೆ ಕಾರಣ ಪೊದೆಯಲ್ಲ, ನೀನು ಹಿಂದಕ್ಕೆ ಬರಲಿಲ್ಲ ಅಷ್ಟೇ.

ಆದ್ದರಿಂದ ನನ್ನ ಮೇಲೆ ಗೂಬೆ ಕೂರಿಸಬೇಡ. (ಬೇಕಂತ ಬರೆದದ್ದಲ್ಲ, ಕೈಗೆ ಬಂತು.)

ಕಿಲೋಮೀಟರ್ ಬರೆದದ್ದು ಹೌದು. ನಾವೆಲ್ಲ ಬರೆಯುತ್ತೇವೆ. ಯಾವ ಎಂಜಿನ್, ಯಾವ ಗಾಡಿ, ಯಾವ ಕಲ್ಲು. ಅದಿಲ್ಲದೆ ಕಳಿಸಿದರೆ ಬಳಗದವರು ಚಿತ್ರ ವಾಪಸು ಕಳಿಸುತ್ತಾರೆ. ನಾಳೆ ಆ ಲೈನನ್ನೇ ಕಿತ್ತುಹಾಕಿದರೆ ಇಲ್ಲಿ ಹೀಗೊಂದು ಗಾಡಿ ಓಡುತ್ತಿತ್ತು ಅನ್ನುವುದಕ್ಕೆ ಬೇರೇನು ಗುರುತು ಇರುತ್ತೆ? ಇಷ್ಟು ವರ್ಷದಲ್ಲಿ ಚಿತ್ರ ಮುಗಿದ ಕೂಡಲೇ ಕೈ ತಾನೇ ಬರೆದುಬಿಡುತ್ತೆ. ಗೂಬೆ ಇದೆ ಅಂತ ಕೈಗೆ ಹೊಳೆಯಲಿಲ್ಲ.

ಇನ್ನೊಂದು. ಜಾಗ ಹೇಳಬಾರದು ಅನ್ನುವುದು ನಿಮ್ಮ ಹಕ್ಕಿಯವರ ಕಟ್ಟಳೆ. ಅದನ್ನು ನನಗೆ ಹೇಳಿದೆಯಾ? ಅವತ್ತು ದಾರಿಯುದ್ದಕ್ಕೂ ಸದ್ದು ಮಾಡಬೇಡ ಅಂದೆ. ಕೆಂಪು ಅಂಗಿ ಹಾಕಿಕೊಂಡು ಬಂದೆಯಲ್ಲ, ಬುದ್ಧಿ ಇದೆಯಾ ಅಂದೆ. ಕೆಮ್ಮಿದ್ದಕ್ಕೂ ಬೈದೆ. ಯಾರಿಗೂ ಹೇಳಬೇಡ ಅಂತ ಒಂದು ಮಾತು ಅನ್ನಲಿಲ್ಲ.

ಕಡಿಯದ ತಮ್ಮ


ಮೇ ೩

ಗಾರ್ಡು,

ಚಿತ್ರವನ್ನು ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋಗಿ, ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಎಲೆ ಇದೆ. ಮುಳ್ಳೂ ಇದೆ. ನೀನು ಕಡಿದಿಲ್ಲ. ಕಡಿದೆ ಎಂದು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಅದನ್ನು ತೆಗೆದ ಮೇಲೆ ಕೋಪ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಅದು ಎಲ್ಲ ಕಡೆಗೂ ಎಗರಾಡುತ್ತಿತ್ತು, ಈಗ ಒಂದೇ ಕಡೆ ನಿಂತಿದೆ. ಗರಗಸ ಹಿಡಿದವರು ಯಾರೋ, ಆದರೆ ಅವರನ್ನು ಆ ಕಲ್ಲಿನವರೆಗೆ ಕರೆತಂದದ್ದು ನಿನ್ನ ಒಂದು ಸಾಲು.

ನಾನು ಹೇಳಿರಲಿಲ್ಲ ಎಂದು ನೀನು ಬರೆದೆ. ಆ ಮಾತು ಒಂದು ವಾರ ನನ್ನನ್ನು ತಿಂದಿತು. ಹೌದು, ಹೇಳಿರಲಿಲ್ಲ. ನಿನಗೆ ಹೇಳಬೇಕಾಗುತ್ತದೆ ಎಂದು ನನಗೆ ತೋಚಿರಲಿಲ್ಲ. ಅದು ನಿನ್ನ ಮೇಲಿದ್ದ ನಂಬಿಕೆಯೋ, ನನಗೆ ತಿಳಿದದ್ದು ಎಲ್ಲರಿಗೂ ತಿಳಿದಿರಬೇಕು ಎನ್ನುವ ಮೇಷ್ಟ್ರುತನವೋ, ಗೊತ್ತಿಲ್ಲ. ಆದರೆ ಒಂದು ಕೇಳುತ್ತೇನೆ. ನೀನು ಗೂಡು ನೋಡಿದೆ, ಮರಿ ನೋಡಿದೆ, ನಾನು ಉಸಿರು ಬಿಗಿಹಿಡಿದು ನಿಂತದ್ದನ್ನೂ ನೋಡಿದೆ. ಇಷ್ಟು ನೋಡಿದವನಿಗೆ ಬಾಯಿಬಿಟ್ಟು ಹೇಳಬೇಕೇ?

ಇನ್ನೊಂದನ್ನೂ ಬರೆದುಬಿಡುತ್ತೇನೆ, ನೀನು ಹೇಗೂ ಅಂದೇ ಅನ್ನುತ್ತೀಯ. ಆ ಚಿತ್ರ ಚೆನ್ನಾಗಿದೆ. ನಾನು ತೆಗೆದ ಯಾವುದಕ್ಕಿಂತಲೂ ಚೆನ್ನಾಗಿದೆ. ನನ್ನ ಸಿಟ್ಟು ಗೂಬೆಗಾಗಿಯೋ, ಚಿತ್ರ ನಿನ್ನದಾಯಿತು ಎಂದೋ, ಇದನ್ನು ಬಸ್ಸಿನಲ್ಲಿ, ತರಗತಿಯಲ್ಲಿ, ಬಟ್ಟೆ ಒಣಹಾಕುವಾಗ ಕೇಳಿಕೊಂಡಿದ್ದೇನೆ. ಸ್ವಲ್ಪ ಹೊಟ್ಟೆಕಿಚ್ಚು ಇದೆ. ಆದರೆ ಚರಂಡಿಯಲ್ಲಿ ಸತ್ತು ಬಿದ್ದದ್ದು ನನ್ನ ಹೊಟ್ಟೆಕಿಚ್ಚಲ್ಲ.

ಈಗ ಕೆಲಸದ ಮಾತು. ನಿಮ್ಮ ಬಳಗ ಚಳಿಗಾಲದಲ್ಲಿ ದೊಡ್ಡ ಪ್ರದರ್ಶನ ಮಾಡುತ್ತದೆ, ಗೋಡೆಯಷ್ಟು ಎತ್ತರಕ್ಕೆ ಆ ಚಿತ್ರ ಹಾಕುತ್ತದೆ, ಕ್ಯಾಲೆಂಡರಿಗೂ ಅದೇ ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು. ಚಿತ್ರವನ್ನು ಹಿಂದಕ್ಕೆ ತೆಗೆದುಕೋ. ಕಿಲೋಮೀಟರ್ ಅಳಿಸಿದರೆ ಸಾಕು ಎನ್ನಬೇಡ. ಸೇತುವೆಯೇ ವಿಳಾಸ. ಕಂಬದ ಒಂದು ಮೂಲೆ ತೋರಿಸಿ ಇದು ಯಾವ ಸೇತುವೆ ಹೇಳು ಎಂದು ನೀವು ನೀವೇ ಪಂದ್ಯ ಕಟ್ಟುವವರು, ನಾನು ನೋಡಿದ್ದೇನೆ.

ಚಳಿ ಮುಗಿಯುವ ಹೊತ್ತಿಗೆ ಗೂಬೆಗಳು ಅದೇ ಚಾಚಿಗೆ ಬರುತ್ತವೆ. ಪೊದೆ ಅಷ್ಟರಲ್ಲಿ ಬೆಳೆಯುವುದಿಲ್ಲ. ಆ ವಿಭಾಗದ ರೈಲ್ವೆ ಎಂಜಿನಿಯರನ್ನು ಕಂಡು, ಗುಡ್ಡ ಹತ್ತಲು ಅನುಮತಿ ಕೇಳಿದ್ದೇನೆ. ಒಣಮುಳ್ಳು ಹೆಣೆದು ಚಾಚಿನ ಮುಂದೆ ತಡಿಕೆ ನಿಲ್ಲಿಸಬೇಕು. ಗೂಬೆಗೆ ಖಂಡಿತ ಅನುಮಾನ ಬರುತ್ತೆ ಮೇಡಂ, ನನಗೇ ಬರ್ತಿದೆ ಎಂದು ಅವರು ನಕ್ಕರು. ಕೊಟ್ಟಾರು ಅನ್ನಿಸುತ್ತದೆ. ಆದರೆ ನೀನು ಗೋಡೆಯ ಮೇಲೆ ಆ ಚಿತ್ರ ನಿಲ್ಲಿಸಿದರೆ ನನ್ನ ತಡಿಕೆ ಎಷ್ಟು ದಿನ? ಹೋದ ಸಲ ಗರಗಸ ಬಂತು. ಈ ಸಲ ಏಣಿ ಬರುತ್ತದೆ.

ಅಕ್ಕ


ಮೇ ೧೯

ಅಕ್ಕ,

ಕಿಲೋಮೀಟರ್ ತೆಗೆಸಿದ್ದೇನೆ. ಬಳಗದಲ್ಲಿ ಯಾರ ಚಿತ್ರಕ್ಕೂ ಹೀಗೆ ಮಾಡಿಲ್ಲ, ನಾನು ಜಗಳವಾಡಿದ ಮೇಲೆ ಒಪ್ಪಿದರು. ಚಿತ್ರವನ್ನು ತೆಗೆಯುವುದಿಲ್ಲ.

ಯಾಕೆ ಅಂತ ಒಂದೇ ಸಲ ಬರೆಯುತ್ತೇನೆ. ವಾರವಿಡೀ ನಾನು ಲಿಫ್ಟಿನ ಗುಂಡಿಯಲ್ಲಿರುತ್ತೇನೆ. ಆಕಾಶ ಅಂದರೆ ನನಗೆ ಮೇಲ್ಗಡೆಯ ಚೌಕ. ಭಾನುವಾರ ಒಂದು ದಿನ ಹಳಿ ಪಕ್ಕ ನಿಂತರೆ ಎದೆ ಬಿಚ್ಚಿಕೊಳ್ಳುತ್ತೆ. ನೀನು ಹಕ್ಕಿ ತೆಗೆದರೆ ಎಲ್ಲರೂ ಅಧ್ಯಯನ ಅನ್ನುತ್ತಾರೆ, ನಾನು ಗಾಡಿ ತೆಗೆದರೆ ಹುಚ್ಚು ಅನ್ನುತ್ತಾರೆ. ಚಿಕ್ಕಂದಿನಲ್ಲಿ ಗಾಡಿ ಕಂಡಲ್ಲೆಲ್ಲ ಟವೆಲು ಬೀಸುತ್ತಿದ್ದೆ ಅಂತ ನನಗೆ ಗಾರ್ಡು ಅಂತ ಹೆಸರಿಟ್ಟವಳು ನೀನು. ಈಗ ನಲವತ್ತು ದಾಟಿದೆ, ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಅಂಗಡಿಯವನೂ ಕರೆಯುತ್ತಾನೆ. ಇರಲಿ. ಆದರೆ ಹದಿನೈದು ವರ್ಷದಲ್ಲಿ ನನ್ನ ಒಂದು ಚಿತ್ರ ಕೈಯಲ್ಲಿ ಹಿಡಿದು ಇದು ಚೆನ್ನಾಗಿದೆ ಅಂತ ನೀನು ಅಂದದ್ದು ಮೊನ್ನೆಯ ಕಾಗದದಲ್ಲೇ ಮೊದಲು. ಅದೇ ಕಾಗದದಲ್ಲಿ ಅದನ್ನು ಕಿತ್ತುಹಾಕು ಅನ್ನುತ್ತೀಯ.

ಆ ಬೆಳಿಗ್ಗೆ ಏನಾಯಿತು ಗೊತ್ತಾ? ನಾನು ಹೋದದ್ದು ಗಾಡಿಗೆ. ಸಂದಿಯಲ್ಲಿ ಗೂಬೆ ಕಂಡಿತು. ಗಾಡಿ ತಿರುವಿಗೆ ಬಂತು, ಗೂಬೆ ಕಣ್ಣು ಬಿಟ್ಟಿತು. ನಿನ್ನ ಗೂಬೆ, ನನ್ನ ಗಾಡಿ, ಎರಡೂ ಒಂದೇ ಫ್ರೇಮಿನಲ್ಲಿ. ನಾವಿಬ್ಬರೂ ಹೀಗೆ ಒಂದೇ ಕಡೆ ಯಾವತ್ತಾದರೂ ನಿಂತಿದ್ದೀವಾ? ತಕ್ಷಣ ನಿನಗೆ ತೋರಿಸಬೇಕು ಅನ್ನಿಸಿತು. ತೋರಿಸಲಿಲ್ಲ, ಯಾಕೆಂದರೆ ನೀನು ಮೊದಲು ತಪ್ಪು ಹುಡುಕುತ್ತೀಯ. ಪ್ರದರ್ಶನದ ಗೋಡೆಯ ಮೇಲೆ ನೋಡಲಿ, ನಾಲ್ಕು ಜನರ ಮುಂದೆ ಬಾಯಿ ಮುಚ್ಚಿಕೊಂಡು ನೋಡಬೇಕಾಗುತ್ತೆ ಅಂದುಕೊಂಡೆ.

ಪೊದೆ ಕಡಿದವನು ಕಳ್ಳ. ಅವನನ್ನು ಹುಡುಕು, ನಾನೂ ಬರುತ್ತೇನೆ, ಕೈ ಮುರಿಯೋಣ. ಅವನು ಸಿಗಲಿಲ್ಲ ಅಂತ ಸಿಕ್ಕಿದವನನ್ನು ಹೊಡೆಯಬೇಡ.

ಇದು ಕೊನೆಯ ಮಾತು.

ತಮ್ಮ


ಜುಲೈ ೮

ಮಗಳೇ,

ನಿಮ್ಮಿಬ್ಬರ ಜಗಳ ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀರ. ಅಂಚೆಯವನು ನಿನ್ನ ಕಾಗದ ತಂದುಕೊಟ್ಟ ದಿನ ಇವನು ತಟ್ಟೆ ಮುಂದೆ ಕೂತು ನೀರು ಕುಡಿದು ಏಳ್ತಾನೆ. ಇಷ್ಟು ಗೊತ್ತಾಗೋಕೆ ಓದು ಬರಹ ಬೇಕಾ? ಕೊನೆಗೆ ಸೊಸೆ ಎಲ್ಲ ಹೇಳಿದಳು. ಅವಳೂ ಪೂರ್ತಿ ಹೇಳಲಿಲ್ಲ, ಅರ್ಧಕ್ಕೆ ನಗು ಬಂತಂತೆ. ಇಷ್ಟು ವಯಸ್ಸಾದೋರು ಒಂದು ಗೂಬೆಗೋಸ್ಕರ ಮಾತು ಬಿಟ್ಟಿದ್ದಾರೆ ಅಂದ್ರೆ ಯಾರಿಗೆ ನಗು ಬರಲ್ಲ.

ನನಗೆ ಬರಲಿಲ್ಲ. ಮರಿ ಸತ್ತಿದೆ ಅಂದಮೇಲೆ ನಗೋದೇನಿದೆ. ಅವನು ಮಾಡಿದ್ದು ತಪ್ಪು, ಅದನ್ನ ಅವನ ಮುಖಕ್ಕೇ ಹೇಳಿದೀನಿ. ಅವನೇನು ಅಂದ ಗೊತ್ತಾ, ಅಮ್ಮ ನೀನೂ ಅವಳ ಕಡೆನಾ ಅಂದ. ನಾನು ಯಾರ ಕಡೆನೂ ಅಲ್ಲ, ನನ್ನ ಮಂಡಿ ಯಾವ ಕಡೆಗೂ ಬಗ್ಗಲ್ಲ ಅಂದೆ.

ಆದ್ರೆ ನಿನಗೂ ಒಂದು ಮಾತು. ಗೂಬೆ ನೋಡೋಕೆ ಎರಡು ಬಸ್ಸು ಬದಲಾಯಿಸಿ ಹೋಗ್ತೀಯ, ನನ್ನ ನೋಡೋಕೆ ನಿನಗೆ ಒಂದು ಬಸ್ಸೂ ಸಿಗಲ್ಲ. ಅವನ ಮೇಲಿನ ಸಿಟ್ಟಿಗೆ ನನ್ನ ಮನೆ ಬಾಗಿಲು ಯಾಕೆ ಬಿಟ್ಟೆ? ಚಿಕ್ಕೋಳಿದ್ದಾಗಲೂ ಹೀಗೇ. ಸಿಟ್ಟು ಬಂದ್ರೆ ಕೂಗ್ತಿರಲಿಲ್ಲ, ಯಾರ ಜೊತೆನೂ ಮಾತಾಡದೆ ಕೂರ್ತಿದ್ದೆ. ಅವನಾದ್ರೆ ಪಾತ್ರೆ ಎಸೀತಿದ್ದ, ಅರ್ಧ ಗಂಟೆಗೆ ಮುಗೀತಿತ್ತು. ಎಸೆದ ಪಾತ್ರೆ ನೆಟ್ಟಗೆ ಮಾಡಬಹುದು ಕಣೇ, ನಿನ್ನ ಮೌನಾನ ಏನು ಮಾಡಲಿ?

ಅವನು ಭಾನುವಾರ ಹಳಿ ಕಡೆ ಹೋಗ್ತಿಲ್ಲ. ಜಗಲಿಯಲ್ಲಿ ಕೂತು ಅದೇ ಲೆನ್ಸು ಒರೆಸ್ತಾನೆ. ಸವೆದು ಹೋದೀತು.

ಬಾ ಅಂತ ಬೇಡಲ್ಲ. ಬರದಿದ್ರೆ ನಾನೇ ಬಂದು ಕೂರ್ತೀನಿ, ನಿನ್ನ ಮನೆಯ ಮೂರು ಮಹಡಿ ನೀನೇ ನನ್ನ ಎತ್ತಿಕೊಂಡು ಹತ್ತಬೇಕು.

ಅಮ್ಮ


ನವೆಂಬರ್ ೧೬

ಗಾರ್ಡು,

ಆಹ್ವಾನಪತ್ರ ತಲುಪಿತು. ಮುಂಬದಿಯಲ್ಲೇ ಆ ಚಿತ್ರ, ಸೇತುವೆ ಪೂರ್ತಿ ಕಾಣುವ ಹಾಗೆ. ಕೆಳಗೆ ಕಿಲೋಮೀಟರ್ ಇಲ್ಲ, ಅದರ ಬದಲು 'ಜಾಗ ತೋರಿಸಿದ ಅಕ್ಕನಿಗೆ' ಎಂದು ಅಚ್ಚು ಹಾಕಿಸಿದ್ದೀಯ.

ನಿನ್ನ ಮಟ್ಟಿಗೆ ಅದು ಪ್ರೀತಿ ಇರಬಹುದು. ಓದಿದಾಗ ನನಗೆ ಆದದ್ದು ಬೇರೆ. ನನ್ನ ಕೈಹಿಡಿದು ಎಳೆದು ತಂದು ಗರಗಸದವರ ಸಾಲಿನಲ್ಲಿ ನಿಲ್ಲಿಸಿದ ಹಾಗಾಯಿತು. ಆ ಜಾಗ ತೋರಿಸಿದ್ದು ನಾನೇ, ಹೌದು. ಅದನ್ನು ನೂರಾರು ಜನರಿಗೆ ನೀನು ಧನ್ಯವಾದದ ಹೆಸರಿನಲ್ಲಿ ಸಾರಬೇಕಿರಲಿಲ್ಲ. ಪ್ರದರ್ಶನದ ಗೋಡೆಯ ಮೇಲಾದರೂ ಆ ಸಾಲು ತೆಗೆಸು.

ತಡಿಕೆ ನಿಂತಿದೆ. ಕೈ ಮೊಣಕೈವರೆಗೆ ಗೀರಿದೆ. ಅಮ್ಮನ ಹತ್ತಿರ ಹೋಗಿದ್ದೆ, ನೀನು ಕೆಲಸಕ್ಕೆ ಹೋದ ಮೇಲೆ ಹೋಗಿ, ಬರುವ ಮೊದಲು ಹೊರಟೆ. ಪ್ರದರ್ಶನಕ್ಕೆ ಬರುವುದಿಲ್ಲ.

ಅಕ್ಕ


ಡಿಸೆಂಬರ್ ೨೨

ಅಕ್ಕ,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹೇಗೆ ಬಂದರೂ ಕಳಿಸುತ್ತೇನೆ.

ಪ್ರದರ್ಶನದ ಮೊದಲ ದಿನ ಹಾಲ್ ತುಂಬಿತ್ತು. ಅಮ್ಮ ಕುರ್ಚಿ ಹಾಕಿಸಿಕೊಂಡು ಚಿತ್ರದ ಎದುರಿಗೇ ಕೂತಿದ್ದಳು, ಬಂದವರಿಗೆಲ್ಲ ನನ್ನ ಮಗ ಅನ್ನುತ್ತಿದ್ದಳು. ನಿನ್ನ ಸಾಲು ತೆಗೆಸಿದ್ದೆ. ಜನ ಬಂದು ಕೈಕುಲುಕುತ್ತಿದ್ದರು. ಒಬ್ಬ ನೀಲಿ ಟೊಪ್ಪಿಯವನು ಬಂದ. ನಮ್ಮ ವಯಸ್ಸೇ. ಒಳ್ಳೆಯವನ ಹಾಗಿದ್ದ, ಅಮ್ಮನಿಗೆ ತಾನೇ ಹೋಗಿ ನೀರು ತಂದುಕೊಟ್ಟ. ನನ್ನ ಚಿತ್ರ ಪತ್ರಿಕೆಯಲ್ಲಿ ನೋಡಿದ ವಾರವೇ ಗೆಳೆಯರನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದನಂತೆ. ಹೇಳುವಾಗ ಮುಖ ಅರಳಿತ್ತು.

"ನಿಮ್ಮ ಕಿಲೋಮೀಟರ್ ಪಕ್ಕಾ ಇತ್ತು ಸಾರ್, ಒಂದು ಮಾರು ಆಚೆ ಈಚೆ ಇಲ್ಲ. ಎಲೆ ಮಾತ್ರ ಬಹಳ ಅಡ್ಡ ಬರ್ತಿತ್ತು. ಸ್ವಲ್ಪ ಕ್ಲೀನ್ ಮಾಡಿಕೊಂಡ್ವಿ. ನಿಮಗೂ ಇಷ್ಟೇ ಕಷ್ಟ ಆಗಿರುತ್ತೆ ಅನ್ನಿಸ್ತು, ಆಮೇಲೆ ಬರೋರಿಗೂ ಅನುಕೂಲ ಆಗ್ಲಿ ಅಂತ ಬುಡಕ್ಕೇ ತೆಗೆದ್ವಿ."

ಅಕ್ಕ, ನಾನು ಥ್ಯಾಂಕ್ಸ್ ಅಂದೆ.

ಯಾಕೆ ಅಂದೆ ಗೊತ್ತಿಲ್ಲ. ಬೆಳಿಗ್ಗೆಯಿಂದ ಎಲ್ಲರಿಗೂ ಅದನ್ನೇ ಅನ್ನುತ್ತಿದ್ದೆ, ಬಾಯಿ ಅದನ್ನೇ ಅಂದಿತು. ಅವನು ಫೋನು ತೆಗೆದು ಅವನ ಚಿತ್ರಗಳನ್ನು ತೋರಿಸಿದ. ಗೂಬೆ ಪೂರ್ತಿ ಬಯಲಲ್ಲಿ ಕೂತಿದೆ. ಬಿಸಿಲು ನೆತ್ತಿಯ ಮೇಲೆ ಧಗಧಗ ಅನ್ನುತ್ತಿದೆ. ಎರಡೂ ಮರಿ ಬಾಯಿ ಅಗಲಿಸಿವೆ. "ನೋಡಿ ಸಾರ್, ಮರಿಗಳು ನಗ್ತಾ ಇವೆ" ಅಂದ. ನಗು ಅಲ್ಲ ಅದು, ಸೆಕೆಗೆ ಬಾಯಿ ಬಿಟ್ಟದ್ದು. ನಾಯಿ ನಾಲಿಗೆ ಚಾಚಿದ್ದು ಕಂಡವನಿಗೆ ಗೊತ್ತಾಗುವಂಥದ್ದು. ಅವನಿಗೆ ಗೊತ್ತಾಗಲಿಲ್ಲ. ನಿನಗೆ ಕೈ ಮುರಿಯೋಣ ಅಂತ ಬರೆದಿದ್ದೆನಲ್ಲ, ಆ ಕೈ ನನ್ನ ಭುಜದ ಮೇಲಿತ್ತು. ನನಗೆ ಸಿಟ್ಟು ಬಂತು, ಅದನ್ನು ಇಡುವ ಜಾಗ ಸಿಗಲಿಲ್ಲ. ಅವನು ಕಳ್ಳ ಅಲ್ಲ. ನನ್ನ ಅಭಿಮಾನಿ.

ಮರುದಿನ ಬೆಳಿಗ್ಗೆ ಹಾಲ್ ತೆರೆದ ಕೂಡಲೇ ಹೋಗಿ ಚಿತ್ರ ಇಳಿಸಿದೆ. ಕಾರ್ಯದರ್ಶಿ ಓಡಿಬಂದು ಬಾಯಿಗೆ ಬಂದ ಹಾಗೆ ಬೈದರು. ಬಾಗಿಲಿನ ಎದುರಿನ ಗೋಡೆ ಖಾಲಿಯಾಯಿತು, ಬಂದವರಿಗೆ ಏನು ಹೇಳಲಿ ಅಂದರು. ಚಿತ್ರ ತೆಗೆದವನಿಗೆ ಇಷ್ಟವಿಲ್ಲ ಅಂತ ಹೇಳಿ ಅಂದೆ. ಬಳಗ ಬಿಡಬೇಕಾಗುತ್ತೆ ಅಂದರು. ಬಿಟ್ಟೆ. ಚಿತ್ರ ಎಷ್ಟು ಅಗಲ ಅಂದರೆ ಆಟೋದಲ್ಲಿ ಹಿಡಿಸಲಿಲ್ಲ. ತಲೆಯ ಮೇಲೆ ಹೊತ್ತು ಮನೆಯವರೆಗೆ ನಡೆದೆ. ದಾರಿಯಲ್ಲಿ ಒಬ್ಬ, ಗೂಬೆ ಮಾರಾಟಕ್ಕಾ ಅಂತ ಕೇಳಿದ.

ಆದರೆ ಕ್ಯಾಲೆಂಡರ್ ಹೋಗಿಬಿಟ್ಟಿದೆ ಅಕ್ಕ. ಅಚ್ಚಾಗಿ, ಹಂಚಿಯೂ ಆಗಿದೆ. ಫೆಬ್ರವರಿ ತಿಂಗಳಿನ ಹಾಳೆ ಅದು. ಅದನ್ನು ಯಾವ ಗೋಡೆಯಿಂದ ಇಳಿಸಲಿ?

ಗೂಬೆ ವಾಪಸು ಬಂದರೆ ನನಗೆ ಹೇಳು. ಎಲ್ಲಿಗೆ ಬಂದರೂ ಹೇಳು. ಕೆಲಸಕ್ಕೆ ರಜೆ ಹಾಕಿ ಮರಿ ಹಾರುವ ತನಕ ಕಾವಲು ನಿಲ್ಲುತ್ತೇನೆ. ಕ್ಯಾಮೆರಾ ಮುಟ್ಟುವುದಿಲ್ಲ. ನೀನು ಹೇಳಿದ ಬಣ್ಣದ ಅಂಗಿ ಹಾಕಿಕೊಳ್ಳುತ್ತೇನೆ. ಬಂದಿವೆ ಅಂತ ಒಂದು ಸಾಲು ಬರೆ, ಅಷ್ಟು ಸಾಕು.

ತಮ್ಮ


ಮಾರ್ಚ್ ೬

ಗಾರ್ಡು,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದು ಬೇಕೆಂದೇ. ಕಾಲ ಕಳೆಯಲಿ ಎಂದು ಕಾದೆ.

ಚಿತ್ರ ಇಳಿಸಿದ್ದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬಹುಶಃ ಬೇರೆ ಯಾರಿಗಿಂತಲೂ ನನಗೆ ಗೊತ್ತು. ಅದನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದೆ ಎಂದು ಓದಿದಾಗ ಎದ್ದು ನಿನ್ನ ಮನೆಗೆ ಬರಬೇಕೆನ್ನಿಸಿತು. ಬರಲಿಲ್ಲ. ಆ ನೀಲಿ ಟೊಪ್ಪಿಯವನ ಮಾತನ್ನು ಮತ್ತೆ ಓದಿದೆ, ಮತ್ತೆ ಸಿಟ್ಟು ಬಂತು, ಕೂತುಬಿಟ್ಟೆ. ಅವನಿಗೆ ನೀನು ಥ್ಯಾಂಕ್ಸ್ ಅಂದದ್ದಕ್ಕಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. 'ಆಮೇಲೆ ಬರೋರಿಗೂ ಅನುಕೂಲ ಆಗಲಿ' ಎಂದನಲ್ಲ, ಅದಕ್ಕೆ. ಅಷ್ಟು ಒಳ್ಳೆಯ ಮನಸ್ಸಿನಿಂದ ಗರಗಸ ಹಿಡಿದವನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ ಎಂದು ನನಗೂ ತಿಳಿದಿಲ್ಲ.

ಫೆಬ್ರವರಿ ಪೂರ್ತಿ ರಜಾದಿನಗಳಲ್ಲಿ ಸೇತುವೆಯ ಹತ್ತಿರ ಹೋದೆ. ಒಬ್ಬಳೇ ಇದ್ದ ದಿನ ಒಂದೂ ಇರಲಿಲ್ಲ. ಕ್ಯಾಲೆಂಡರಿನ ಹಾಳೆ ಹರಿದು ಕೈಯಲ್ಲಿ ಹಿಡಿದುಕೊಂಡು ಬಂದವರಿದ್ದರು. ಹಾಳೆಯನ್ನು ಎತ್ತಿ ಹಿಡಿದು, ಸೇತುವೆಯ ಕಂಬಕ್ಕೆ ಕಂಬ ಹೊಂದಿಸಿ, ಹಿಂದೆ ಮುಂದೆ ಸರಿದು ನಿನ್ನ ನೀರಿನ ತೊಟ್ಟಿಯನ್ನೂ ಕಂಡುಹಿಡಿದರು. ಒಬ್ಬಾಕೆ ತನ್ನ ಮಗಳನ್ನು ಕರೆತಂದಿದ್ದಳು, ಇಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಗೂಬೆ ಎಲ್ಲಿ ಕೂರುತ್ತೆ ಗೊತ್ತಾ ಎಂದು ಆಕೆ ನನ್ನನ್ನೇ ಕೇಳಿದಳು. ಗೊತ್ತಿಲ್ಲ ಎಂದೆ. ನನ್ನ ತಡಿಕೆಯನ್ನು ನೋಡಿ, ಇದ್ಯಾರು ಇಲ್ಲಿ ಕಸ ಹಾಕಿದ್ದಾರೆ ಎಂದು ಇನ್ನೊಬ್ಬರು ಬೇಸರಪಟ್ಟರು.

ಚಾಚು ಖಾಲಿ ಇದೆ. ಅಲ್ಲಿಗೆ ಅವು ಬರಲಿಲ್ಲ. ಈ ವರ್ಷಕ್ಕೆ ಆ ಕಾಲ ಮುಗಿಯಿತು, ಇನ್ನು ಬರುವುದೂ ಇಲ್ಲ. ಇದನ್ನು ಯಾರಿಗೆ ಬೇಕಾದರೂ ಹೇಳು. ನೀನು ಬಿಟ್ಟ ಬಳಗದ ಪತ್ರಿಕೆಯಲ್ಲಿ ಹಾಕಿಸಲು ಸಾಧ್ಯವಾದರೆ ಹಾಕಿಸು, ಕಿಲೋಮೀಟರ್ ಸಮೇತ.

ಬೇರೆಲ್ಲಿಗಾದರೂ ಬಂದಿವೆಯೇ ಎಂದು ನೀನು ಕೇಳಿದ್ದೀಯ. ಒಂದು ಸಾಲು ಸಾಕು ಎಂದಿದ್ದೀಯ. ಆ ಸಾಲನ್ನು ನಾನು ಬರೆಯುವುದಿಲ್ಲ. ಬಂದಿವೆ ಎಂದೂ ಬರೆಯುವುದಿಲ್ಲ, ಇಲ್ಲ ಎಂದೂ ಬರೆಯುವುದಿಲ್ಲ, ನನಗೆ ಗೊತ್ತಿದೆಯೋ ಇಲ್ಲವೋ ಅದನ್ನೂ ಹೇಳುವುದಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುತ್ತೀಯ. ನಿನ್ನ ಮನಸ್ಸಿನ ಮೇಲೆ ಇದೆ. ಮನಸ್ಸಿನ ಮೇಲೆ ಹೋದ ವರ್ಷವೂ ಇತ್ತು.

ಇದು ಶಿಕ್ಷೆಯೇ ಎಂದು ನನ್ನನ್ನು ಕೇಳಿಕೊಂಡೆ. ಸ್ವಲ್ಪ ಹೌದು. ಉಳಿದದ್ದು ಶಿಕ್ಷೆಯಲ್ಲ. ಅವತ್ತು ನಿನಗೆ ಹೇಳದೆ ಬಿಟ್ಟ ಒಂದು ಮಾತಿನ ಜಾಗದಲ್ಲಿ ಈಗ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ಅಷ್ಟೇ.

ಭಾನುವಾರ ಬರುತ್ತೇನೆ. ನೀನು ಮನೆಯಲ್ಲಿರುವಾಗಲೇ ಬರುತ್ತೇನೆ. ಅಮ್ಮನ ಪಕ್ಕ ಕೂತು ಊಟ ಮಾಡೋಣ. ನಿನ್ನ ಕೆಲಸದ ಸುದ್ದಿ, ಗಾಡಿಯ ಸುದ್ದಿ ಎಷ್ಟು ಬೇಕಾದರೂ ಹೇಳು, ಕೇಳುತ್ತೇನೆ. ಆದರೆ ಗೂಬೆಯ ಮಾತು ಎತ್ತಿದರೆ ಅರ್ಧ ಊಟಕ್ಕೆ ಏಳುತ್ತೇನೆ.

ಅಕ್ಕ